ಆಡಿ ಲೆಕ್ಕದ ತವರು

ಊರಿಗಾಂ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಳ್ಳುವುದು. ಹೋದ ವಾರವೂ ಹಾಗೇ ಮಾಡಿದೆ. ಬೆಂಗಳೂರಿನಲ್ಲಿ ನಾಲ್ಕು ದಿನದ ಸಭೆ ಮುಗಿಸಿಕೊಂಡು ಬಂದಿದ್ದೆ. ಪ್ಲಾಟ್‌ಫಾರಂ ಮೇಲೆ ಕಾಲಿಟ್ಟರೆ ಗಾಳಿ, ಎಂಥ ಗಾಳಿ ಅಂತೀರಿ! ಸೈನೈಡ್ ದಿಬ್ಬದ ಕಡೆಯಿಂದ ಬೂದಿ ಬಣ್ಣದ ಧೂಳು ಹೊತ್ತು ತಂದು ಮುಖಕ್ಕೆ ಎರಚುತ್ತಿತ್ತು. ಕೋಲಾರದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಿನ್ನ ತೆಗೆದು ಮಿಕ್ಕ ಪುಡಿಮಣ್ಣನ್ನು ಸುರಿದೂ ಸುರಿದೂ ಎದ್ದ ಗುಡ್ಡಗಳು ಅವು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಪ್ರತಿ ಆಷಾಢಕ್ಕೆ ನಮ್ಮ ಅನ್ನದ ತಪ್ಪಲೆಯೊಳಗೇ ಬಂದು ಹಾಜರಿ ಹಾಕುತ್ತವೆ. ಆ ಧೂಳಿಗೊಂದು ವಾಸನೆ ಇದೆ, ಹಳೇ ಸುಣ್ಣಕ್ಕೆ ತುಕ್ಕು ಹಿಡಿದ ತಗಡು ಉಜ್ಜಿದ ಹಾಗೆ. ಬೇರೆಯವರಿಗೆ ಅದರಿಂದ ಕೆಮ್ಮು ಬರುತ್ತದೆ. ನನಗೆ ಮೂರು ವರ್ಷದ ಹಿಂದಿನ ಆಷಾಢ ನೆನಪಾಗುತ್ತದೆ.

ಆ ಆಷಾಢದಲ್ಲಿ ನಾನು ಸತ್ತಿದ್ದೆ. ಅಂದರೆ ಕಾಗದದ ಮೇಲೆ.

ಸತ್ತ ಸುದ್ದಿ ನನಗೆ ತಿಳಿದದ್ದು ರೈಲಿನಲ್ಲಿ, ಬೀನ್ಸ್ ಸೋಸುತ್ತಾ ಕೂತಿದ್ದಾಗ. ನಾನು ಆಗ ಬೆಂಗಳೂರಿನ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಬೆಳಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುವ ನಮ್ಮಂಥವರಿಗೆ ಹೆಂಗಸರ ಬೋಗಿಯೇ ಅರ್ಧ ಮನೆ. ರಾತ್ರಿ ಅಡುಗೆಯ ತರಕಾರಿ ಅಲ್ಲೇ ಹೆಚ್ಚುತ್ತೇವೆ, ಹೂ ಅಲ್ಲೇ ಕಟ್ಟುತ್ತೇವೆ, ಅತ್ತೆಯರನ್ನೂ ಅಲ್ಲೇ ಬೈಯುತ್ತೇವೆ. ಬಂಗಾರಪೇಟೆಯಲ್ಲಿ ಹತ್ತುವ ಮಂಗಳಮ್ಮ ಅವತ್ತು ಒಂದು ಮದುವೆ ಕಾರ್ಡು ಹಿಡಿದುಕೊಂಡು ಬಂದಳು. ಪಕ್ಕದೂರಿನ ಮದುವೆಯಂತೆ. ಎಲ್ಲರಿಗೂ ಕೇಳುವ ಹಾಗೆ ಓದಿದಳು. "ದಿವಂಗತ ಮುನಿರಾಜು ಮತ್ತು ದಿವಂಗತ ರತ್ನಮ್ಮನವರ ಪುತ್ರಿ ಚಿರಂಜೀವಿ ಸೌಭಾಗ್ಯವತಿ ಪವಿತ್ರ. ಅಯ್ಯೋ ಪಾಪ, ಆ ಮಗೀಗೆ ಅಪ್ಪ ಅಮ್ಮ ಇಬ್ರೂ ಇಲ್ವಲ್ರೇ!"

ಪವಿತ್ರ ನನ್ನ ಮಗಳು. ಮುನಿರಾಜು ನನ್ನ ಗಂಡ, ಅವನು ತೀರಿಕೊಂಡು ಎರಡು ವರ್ಷವಾಗಿದ್ದದ್ದು ನಿಜ. ದಿವಂಗತ ರತ್ನಮ್ಮ ನಾನೇ. ಮಂಗಳಮ್ಮನಿಗೆ ನಾನು ಸೆಲ್ವಿಯ ಜೊತೆ ಬರುವ ರತ್ನ ಎಂದಷ್ಟೇ ಗೊತ್ತಿತ್ತು. ಪಕ್ಕದಲ್ಲಿ ಕೂತಿದ್ದ ಸೆಲ್ವಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು. ನಾನು ತಲೆ ಎತ್ತಲಿಲ್ಲ. ಬೀನ್ಸಿನ ನಾರು ತೆಗೆಯುತ್ತಲೇ ಹೋದೆ. ವೈಟ್‌ಫೀಲ್ಡ್ ಬರುವಷ್ಟರಲ್ಲಿ ಒಂದು ಕೇಜಿ ಮುಗಿದಿತ್ತು.

ನಾನು ಹೇಗೆ ಸತ್ತೆ ಎಂಬುದನ್ನು ಹೇಳಬೇಕಾದರೆ ಅಲ್ಲಿಂದಲೂ ಹತ್ತು ವರ್ಷ ಹಿಂದೆ ಹೋಗಬೇಕು. ನಮ್ಮೂರು ಬಂಗಾರಪೇಟೆಯಿಂದ ಆರು ಕಿಲೋಮೀಟರ್. ನಮ್ಮ ಕಡೆ ರೂಢಿಯಂತೆ ನನ್ನನ್ನು ಅಮ್ಮನ ತಮ್ಮನಿಗೇ, ಅಂದರೆ ಸೋದರಮಾವನಿಗೇ ಕೊಟ್ಟರು. ಹದಿನೆಂಟಕ್ಕೆ ಮದುವೆ, ಇಪ್ಪತ್ತಕ್ಕೆ ಪವಿತ್ರ. ಮಾವ ಒಳ್ಳೆಯವನು. ಕುಡಿತವಿಲ್ಲ, ಹೊಡೆತವಿಲ್ಲ. ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದ. ಕೈಗೆ ನಾಲ್ಕು ಕಾಸು ಬರಲಿ ಎಂದು ನಾನು ಗಾರ್ಮೆಂಟ್ಸ್ ಸೇರಿದೆ. ಆಗ ಸಿಕ್ಕವಳು ಸೆಲ್ವಿ. ಗಣಿ ಕೆಲಸಗಾರನ ಮಗಳು, ನನ್ನದೇ ಫ್ಯಾಕ್ಟರಿಯ ಚೆಕಿಂಗ್‌ನಲ್ಲಿದ್ದಳು. ಊರಿಗಾಂನಲ್ಲಿ ರೈಲು ಹತ್ತಿ ಕಿಟಕಿ ಪಕ್ಕದ ಸೀಟಿನ ಮೇಲೆ ತನ್ನ ಊಟದ ಚೀಲ ಇಟ್ಟು, ಬಂಗಾರಪೇಟೆಯಲ್ಲಿ ನಾನು ಹತ್ತುವ ತನಕ ಆ ಸೀಟಿಗಾಗಿ ಕಂಡಕಂಡವರ ಜೊತೆ ಜಗಳ ಕಾಯುತ್ತಿದ್ದಳು. ಎರಡು ವರ್ಷ ಹೀಗೆ ನಡೆಯಿತು. ನನಗಾಗಿ ಒಬ್ಬರು ಜಗಳ ಆಡಬಹುದು ಎನ್ನುವುದೇ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಸಲಿಂಗಿ ಎಂಬ ಪದ ನನ್ನ ಕಿವಿಗೆ ಬಿದ್ದದ್ದು ಎಷ್ಟೋ ಕಾಲದ ಮೇಲೆ. ಅಷ್ಟರಲ್ಲಿ ನಾನು ಅದಾಗಿ ಬಹಳ ವರ್ಷವಾಗಿತ್ತು.

ಊರ ಬಾಯಿಗೆ ಬೀಗ ಹಾಕೋಕಾಗುತ್ತದೆಯೇ. ಮಾತು ಮಾವನ ಕಿವಿಗೂ ಬಿತ್ತು. ಒಂದು ಸಂಜೆ ಹಸುವಿಗೆ ಹಿಂಡಿ ಕಲಸುತ್ತಾ, ನನ್ನ ಮುಖ ನೋಡದೆ, "ದಿಟಾನಾ?" ಎಂದ. "ಹೌದು ಮಾವ" ಎಂದೆ. ಸುಳ್ಳು ಹೇಳಿದ್ದರೆ ಅವನು ನಂಬುತ್ತಿದ್ದ, ಅದಕ್ಕೇ ಹೇಳಲಾಗಲಿಲ್ಲ. ಮಾರನೇ ದಿನ ಮನೆಯವರೆಲ್ಲ ಕೂತು ನನ್ನನ್ನು ಕಳಿಸಿದರು, ಹನ್ನೊಂದು ವರ್ಷದ ಪವಿತ್ರನನ್ನು ಉಳಿಸಿಕೊಂಡರು. ಸೋದರಮಾವನ ಮದುವೆಯಲ್ಲಿ ಇದೊಂದು ತೊಡಕು. ಗಂಡನ ಮನೆ ಬಾಗಿಲು ಹಾಕಿದರೆ ತವರಿನ ಬಾಗಿಲೂ ಅದೇ. ಹೋಗಿ ಅಳುವುದಕ್ಕೆ ಇನ್ನೊಂದು ಮನೆ ಇರುವುದಿಲ್ಲ. ಮಗಳನ್ನು ಬಿಟ್ಟು ಬಂದೆನಲ್ಲ, ಹೊಸಿಲಿಗೆ ಅಡ್ಡ ಮಲಗಿಯಾದರೂ ಕರೆದುಕೊಂಡು ಬರಬೇಕಿತ್ತು ಎಂದು ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ಮಾವ ಎದೆನೋವಿನಿಂದ ಹೋದಾಗಲೂ ನಾನು ರಸ್ತೆಯಲ್ಲಿ ನಿಂತು ನೋಡಿ ಬಂದೆ. ಒಳಗೆ ಬಿಡಲಿಲ್ಲ.

ಪವಿತ್ರ ನನಗೆ ಕಾಣಿಸುತ್ತಿದ್ದದ್ದು ದಿನಕ್ಕೆ ಮೂರು ನಿಮಿಷ. ನಾನು ಊರಿಗಾಂನಲ್ಲಿ ಸೆಲ್ವಿಯ ಮನೆ ಸೇರಿದ ಮೇಲೆ ರೈಲು ಹತ್ತುವುದು ಅಲ್ಲಿಂದಲೇ ಆಯಿತು. ಬಂಗಾರಪೇಟೆಯಲ್ಲಿ ಗಾಡಿ ಮೂರು ನಿಮಿಷ ನಿಂತರೆ, ಅವಳು ಕಾಲೇಜು ಸೇರಿದ ವರ್ಷದಿಂದ ಆ ಪ್ಲಾಟ್‌ಫಾರಮ್ಮಿನ ಕಂಬದ ಹತ್ತಿರ ಬೆನ್ನಿಗೆ ಬ್ಯಾಗು ಹಾಕಿಕೊಂಡು ನಿಂತಿರುತ್ತಿದ್ದಳು. ಮುಖಕ್ಕೆ ಅಡ್ಡ ಫೋನು. ಒಂದು ದಿನವೂ ನನ್ನ ಕಡೆ ನೋಡಿದವಳಲ್ಲ. ಬೆಳಗಿನ ಟ್ಯೂಷನ್ನಿಗೆ ಇದೇ ದಾರಿಯಿರಬೇಕು ಎಂದುಕೊಂಡಿದ್ದೆ. ನೋಡದಿದ್ದರೆ ಬೇಡ, ಕಾಣಿಸುತ್ತಾಳಲ್ಲ ಎಂದು ಕಿಟಕಿಯ ಕಂಬಿ ಹಿಡಿದು ಕೂರುತ್ತಿದ್ದೆ.

ಮದುವೆ ಮುಗಿದು ಹದಿನೈದು ದಿನಕ್ಕೆ ನನ್ನ ತಮ್ಮ ನಾರಾಯಣ ಫೋನು ಮಾಡಿದ. ಮಾವ ಹೋದ ಮೇಲೆ ಪವಿತ್ರನನ್ನು ಸಾಕಿ, ಓದಿಸಿ, ಧಾರೆ ಎರೆದುಕೊಟ್ಟವನು ಅವನೇ. ಆ ಋಣ ನನ್ನ ಮೇಲಿದೆ, ಇಲ್ಲ ಎನ್ನುವುದಿಲ್ಲ.

"ಕಾರ್ಡು ನೋಡಿದ್ಯಂತೆ. ಬೇಜಾರ್ ಮಾಡ್ಕೊಬೇಡ ಅಕ್ಕ. ನೀನ್ ಇಂಗಿದ್ದೀಯಾ ಅಂತ ಗೊತ್ತಾದ್ರೆ ಸಂಬಂಧ ತಪ್ಪೋಯ್ತಿತ್ತು. ಅದ್ಕೇ ಅಂಗ್ ಆಕ್ಸಿದ್ದು."

"ಸಾಯ್ಸೋ ಮುಂಚೆ ಒಂದ್ ಮಾತು ಕೇಳ್ಬೋದಿತ್ತಲ್ಲೋ" ಎಂದೆ.

ಅವನು ತನ್ನ ಷರತ್ತು ಹೇಳಿದ. ಹೊಸದಾಗಿ ಮದುವೆಯಾದ ಹೆಣ್ಣು ಆಷಾಢದಲ್ಲಿ ಅತ್ತೆಯ ಮನೆಯಲ್ಲಿರಬಾರದು, ತವರಿಗೆ ಬರಬೇಕು. ಅದು ಎಲ್ಲರಿಗೂ ಗೊತ್ತಿರುವ ಸಂಪ್ರದಾಯ. ಪವಿತ್ರನೂ ಅವನ ಮನೆಗೆ ಬರುತ್ತಾಳೆ. "ಆಷಾಢ ಉಟ್ಟಿದ ಮೊದಲ್ನೇ ಭಾನ್ವಾರ ಬಾ. ಒಬ್ಳೇ ಬಾ, ಆ ಸೆಲ್ವೀನ ಕರ್ಕೊಂಬರ್ಬೇಡ. ಯಾರಾನ ಕೇಳಿದ್ರೆ ದೂರದ ನೆಂಟ್ರು ಅನ್ನು. ಮಗಳ್ನ ಕಣ್ತುಂಬ ನೋಡ್ಕೊಂಡು ಓಗು. ಎಲ್ಲೂ ಬಾಯ್ ಬಿಡ್ಬೇಡ. ಅಷ್ಟೇ ನಾನ್ ಕೇಳೋದು."

ಒಪ್ಪಿಕೊಂಡೆ. ಹತ್ತು ವರ್ಷ ಹಸಿದವಳು ಎಲೆಯ ಮೇಲೆ ಏನು ಬಡಿಸಿದ್ದಾರೆ ಎಂದು ವಿಚಾರಿಸುವುದಿಲ್ಲ. ಸೆಲ್ವಿಗೆ ಸಿಟ್ಟು ಬಂತು. "ದೂರದ ನೆಂಟರಾ? ಹೆತ್ತವಳು ದೂರದ ನೆಂಟರಾ? ನಿನ್ ತಮ್ಮನಿಗೆ ಬುದ್ಧಿ ಇಲ್ವಾ ಮಾ?" ಎಂದು ಎರಡು ದಿನ ಪಾತ್ರೆಗಳ ಮೇಲೆ ತೀರಿಸಿಕೊಂಡಳು. ಮೂರನೇ ದಿನ ತಾನೇ ಆಂಡರ್ಸನ್‌ಪೇಟೆಗೆ ಹೋಗಿ ಪವಿತ್ರನಿಗೆಂದು ಹಸಿರು ಗಾಜಿನ ಬಳೆ, ಒಂದು ಸೀರೆ ತಂದಿಟ್ಟಳು.

ಆಮೇಲೆ ನಾನು ಮಾಡಿದ ತಪ್ಪಿದೆಯಲ್ಲ, ಅದು ನಮ್ಮ ಊರಿಗಾಂನ ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ಬಾಳುವವರು ಮಾತ್ರ ಮಾಡಬಹುದಾದಂಥದ್ದು. ನಮ್ಮ ಮನೆಯ ಗೋಡೆಯ ಮೇಲಿದ್ದದ್ದು ಸೆಲ್ವಿಯ ಅಪ್ಪನ ಕಾಲದಿಂದ ನಡೆದು ಬಂದ ತಮಿಳು ಕ್ಯಾಲೆಂಡರು, ದಿನಕ್ಕೊಂದು ಹಾಳೆ ಹರಿಯುವಂಥದ್ದು. ನಮ್ಮ ಆಷಾಢವನ್ನು ತಮಿಳರು ಆಡಿ ಎನ್ನುತ್ತಾರೆ. ಹೊಸ ಮದುಮಗಳನ್ನು ಆಡಿಗೆ ತಾಯಿಯ ಮನೆಗೆ ಕರೆಸಿಕೊಳ್ಳುವುದು ಅವರಲ್ಲೂ ಉಂಟು. ಹತ್ತು ವರ್ಷ ಆ ಹಾಳೆಗಳನ್ನೇ ಹರಿದು ಹರಿದು ನನ್ನ ತಲೆಯೊಳಗಿನ ತಿಂಗಳುಗಳೂ ತಮಿಳಾಗಿಬಿಟ್ಟಿದ್ದವು. ಆಡಿ ಒಂದನೇ ತಾರೀಕಿನ ಮೇಲೆ ಸೆಲ್ವಿ ಕುಂಕುಮದ ಬೊಟ್ಟು ಇಟ್ಟಳು. ನಾವಿಬ್ಬರೂ ಬೊಟ್ಟು ನೋಡಿಕೊಂಡು ಕಾಯುತ್ತಾ ಕೂತೆವು. ನಮ್ಮವರು ತಿಂಗಳು ಎಣಿಸುವುದು ಚಂದ್ರನ ಮೇಲೆ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಅವರು ಎಣಿಸುವುದು ಸೂರ್ಯನ ಮೇಲೆ. ಆ ವರ್ಷ ನಮ್ಮ ಆಷಾಢ ಅವರ ಆಡಿಗಿಂತ ಮೂರು ವಾರ ಮುಂಚೆಯೇ ಹುಟ್ಟಿತ್ತು.

ಮತ್ತೆ ಕಣ್ಣು ತೆರೆಸಿದವಳು ಮಂಗಳಮ್ಮನೇ. ಅವಳ ತಂಗಿಯ ಮಗಳೂ ತವರಿಗೆ ಬಂದಿದ್ದಾಳೆ ಎಂದು ಮಾತಿಗೆ ಮಾತು ಬಂತು. "ಆಷಾಢ ಇನ್ನೂ ಹುಟ್ಟಿಲ್ಲವಲ್ಲ" ಎಂದೆ. "ಯಾವ್ ಲೋಕದಾಗಿದ್ದೀಯೇ ರತ್ನ, ಆಷಾಢ ಉಟ್ಟಿ ಎರಡ್ ವಾರ ಆಯ್ತು" ಎಂದು ನಕ್ಕಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಕಥೆ. ಟೇಕಲ್ ಸ್ಟೇಷನ್ನಿನಲ್ಲೇ ಇಳಿದು ನಾರಾಯಣನಿಗೆ ಫೋನು ಹಚ್ಚಿದೆ. ಎತ್ತಿದವಳು ಅವನ ಹೆಂಡತಿ. "ಆ ಭಾನ್ವಾರ ಪವಿತ್ರ ಬೆಳಗ್ಗೆಯಿಂದ ಬಾಗ್ಲಲ್ಲೇ ಕುಂತಿದ್ಳು ಅತ್ತಿಗೆ. ಊಟಕ್ಕೂ ಏಳ್ಲಿಲ್ಲ" ಎಂದಳು. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅವತ್ತಿನ ಡ್ಯೂಟಿ ಹೋಯಿತು, ಹೋಗಲಿ. ನಾರಾಯಣ ಸಂಜೆ ತಾನೇ ಫೋನು ಮಾಡಿ, "ಬರೋ ಭಾನ್ವಾರ ಬಾ. ಅದೂ ತಪ್ಪಿದ್ರೆ ಮುಂದಿನ ವಾರ ಭೀಮನ್ ಅಮಾವಾಸ್ಯೆ, ಅವ್ಳು ಗಂಡನ್ ಮನೆಗೆ ಒಂಟೋಗ್ತಾಳೆ" ಎಂದ.

ಆ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ನಾನು ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿದ್ದೆ. ಕೈಯಲ್ಲಿ ಚೀಲ, ಚೀಲದಲ್ಲಿ ಸೀರೆ, ಬಳೆ, ಎರಡು ಮೊಳ ಮಲ್ಲಿಗೆ. ನಮ್ಮೂರ ಕಡೆಯ ಆಟೋದಲ್ಲಿ ಕೂತೂ ಆಗಿತ್ತು. ಸೆಲ್ವಿಯ ಫೋನು ಬಂತು.

"ರತ್ನಾ, ನಮ್ ಲತಾ, ಮೇರಿ ಇದಾರಲ್ಲ, ಸ್ಟೇಷನ್ನಲ್ಲಿ ಕೂರ್ಸಿದಾರಂತೆ. ಮೇರಿ ಬಾತ್ರೂಮಿಂದ ಫೋನ್ ಮಾಡಿದ್ಳು. ಅಳ್ತಾ ಇದಾಳೆ."

ಲತಾ, ಮೇರಿ ನಮ್ಮ ಬೋಗಿಯ ಹುಡುಗಿಯರು. ಬಾಗಿಲ ಬಳಿ ಒಂದೇ ಇಯರ್‌ಫೋನನ್ನು ಇಬ್ಬರೂ ಒಂದೊಂದು ಕಿವಿಗೆ ಹಾಕಿಕೊಂಡು ನಿಲ್ಲುತ್ತಿದ್ದವರು. ಇಬ್ಬರಿಗೂ ಇಪ್ಪತ್ತು ದಾಟಿತ್ತು. ಅವರನ್ನು ನೋಡಿದಾಗಲೆಲ್ಲ ಸೆಲ್ವಿ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು. ಲತಾಗೆ ಗಂಡು ಗೊತ್ತು ಮಾಡಿದ್ದಕ್ಕೆ ಇಬ್ಬರೂ ಮನೆ ಬಿಟ್ಟು ಹೋಗಿ, ಮೂರನೇ ದಿನ ಸಿಕ್ಕಿಬಿದ್ದಿದ್ದರು. ಯಾವ ಪೊಲೀಸ್ ಸ್ಟೇಷನ್ ಎಂದು ನಾನು ಹೇಳುವುದಿಲ್ಲ. ಅದು ನಮ್ಮೂರ ದಾರಿಗೆ ಉಲ್ಟಾ ದಿಕ್ಕಿನಲ್ಲಿತ್ತು, ಅಷ್ಟು ಹೇಳಬಲ್ಲೆ.

ಅತ್ತ ದರಿ ಇತ್ತ ಪುಲಿ. ಆಟೋದವನು "ಒಂಟ್ರಾಮ್ಮಾ?" ಎಂದು ಕೇಳುತ್ತಿದ್ದ. ಪವಿತ್ರ ಬಾಗಿಲಲ್ಲಿ ಕೂತಿರುತ್ತಾಳೆ ಎಂಬುದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಆದರೆ ಹತ್ತು ವರ್ಷದ ಹಿಂದೆ ಮನೆಯವರೆಲ್ಲ ಸುತ್ತ ಕೂತಿದ್ದ ಆ ದಿನವೂ ಕಣ್ಣಿಗೆ ಕಟ್ಟಿತು. ಅವತ್ತು ನನ್ನ ಪಕ್ಕ ಒಂದು ನಾಯಿಯೂ ಬಂದು ಕೂತಿರಲಿಲ್ಲ. ಒಂದು ಗಂಟೆಯ ಕೆಲಸ, ಮುಗಿಸಿ ಮಧ್ಯಾಹ್ನಕ್ಕೆ ಹೋಗೋಣ ಎಂದು ನನಗೆ ನಾನೇ ಹೇಳಿಕೊಂಡು ಇಳಿದೆ. ಅದು ಸುಳ್ಳು ಎಂದು ಇಳಿಯುವಾಗಲೇ ಗೊತ್ತಿತ್ತು.

ಸ್ಟೇಷನ್ನಿನ ಹೊರಗೆ ಲತಾಳ ಅಪ್ಪ, ಅಣ್ಣ, ದೊಡ್ಡಪ್ಪ, ಜೊತೆಗೆ ಇಪ್ಪತ್ತು ಜನ. ಒಳಗೆ ಬೆಂಚಿನ ತುದಿಯಲ್ಲಿ ಹುಡುಗಿಯರು. ಎಳೆದಾಟದಲ್ಲಿ ಲತಾಳ ಬಳೆಗಳೆಲ್ಲ ಒಡೆದು ಮುಂಗೈ ಗೀರಿತ್ತು. ಮೇಜಿನ ಹಿಂದಿದ್ದವರು ಒಬ್ಬ ಹೆಂಗಸು, ಹೆಡ್‌ಕಾನ್‌ಸ್ಟೇಬಲ್. ಕೆಟ್ಟವರಲ್ಲ, ಸುಸ್ತಾಗಿದ್ದರು.

"ಇಬ್ರೂ ಮೇಜರ್ ಅವ್ರೆ, ನಾನು ಇಟ್ಕೊಳ್ಳೋಕೂ ಆಗಲ್ಲ. ಬರೀ ಕೈಯಲ್ಲಿ ಆಚೆ ಬಿಟ್ರೆ ಇವ್ರು ಹೊತ್ಕೊಂಡು ಹೋಗ್ತಾರೆ. ಇವ್ರ ಕಡೆಯೋರು ಅಂತ ಯಾರಾದ್ರೂ ಬರ್ದುಕೊಟ್ಟು ಸೈನ್ ಹಾಕಿದ್ರೆ ಕಳಿಸ್ತೀನಿ. ಇವ್ರ ಕಡೆ ಯಾರಮ್ಮ ಇರೋದು?"

"ನಾನಿದ್ದೀನಿ" ಎಂದೆ.

ಹಿಂದಿನಿಂದ ಲತಾಳ ಅಪ್ಪ ನುಗ್ಗಿ ಬಂದ. "ನೀನ್ಯಾವೋಳೇ ನಮ್ಮುಡ್ಗಿ ಇಸ್ಯಕ್ಕೆ ಬರೋಳು? ನಿಂಗೇನ್ ಗೊತ್ತೈತೆ ಇದ್ರ ಬಗ್ಗೆ?"

ನಾರಾಯಣ ಹೇಳಿದ "ಬಾಯ್ ಬಿಡ್ಬೇಡ" ಎಂಬ ಮಾತು ನನ್ನ ಕಿವಿಯಲ್ಲೇ ಇತ್ತು. ಬಾಗಿಲಲ್ಲಿ ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದೂ ಕಂಡಿತು. ಆಗ ಬಿಡದಿದ್ದರೆ ಆ ಬಾಯಿ ಇನ್ನೆಂದಿಗೂ ಬಿಡುತ್ತಿರಲಿಲ್ಲ.

"ಎಲ್ಲಾ ಗೊತ್ತೈತೆ ಯಜಮಾನ್ರೇ. ನಾನೂ ಇವ್ರಂಗೇನೇ. ನನ್ ಹೆಸ್ರು ರತ್ನಮ್ಮ. ಗಂಡನ ಜೊತೆ ಬಾಳ್ದೋಳು, ಒಂದು ಹೆಣ್ ಮಗೀನ ಹೆತ್ತೋಳು. ಈಗ ಊರಿಗಾಂನಲ್ಲಿ ಸೆಲ್ವಿ ಅನ್ನೋಳ ಜೊತೆ ಸಂಸಾರ ಮಾಡ್ತಿದೀನಿ. ನಮ್ ಮನೇಲಿ ನಾನು ಸತ್ತೋಗಿದ್ದೀನಿ ಅಂತ ಕಾರ್ಡು ಹೊಡ್ಸವ್ರೆ. ನೋಡಿ, ಸತ್ತಿಲ್ಲ. ನಿಮ್ ಮಗಳ್ನ ಅಂಗ್ ಸಾಯ್ಸಬೇಡಿ."

ಮಗಳ ಹೆಸರನ್ನು ಮಾತ್ರ ಹೇಳಲಿಲ್ಲ. ಅಷ್ಟು ಎಚ್ಚರ ಇತ್ತು. ಬಾಗಿಲ ಕಡೆಯಿಂದ ಒಂದು ದನಿ ಕೇಳಿಸಿತು. "ಅಯ್ಯೋ ನನ್ ಬಾಯಿಗೆ ಮಣ್ ಬೀಳ, ಆ ಕಾರ್ಡು ನಾನೇ ಓದಿದ್ನಲ್ಲೇ!" ಮಂಗಳಮ್ಮ. ಸೆಲ್ವಿ ಫೋನು ಮಾಡಿ ಬೋಗಿಯ ಏಳು ಜನ ಹೆಂಗಸರನ್ನು ಹೊರಡಿಸಿಕೊಂಡು ಬಂದಿದ್ದಳು. ಮಂಗಳಮ್ಮನಿಗೆ ನಮ್ಮ ವಿಷಯ ಅರ್ಥವಾಗಿತ್ತೋ ಇಲ್ಲವೋ ಗೊತ್ತಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಲತಾಳ ಪಕ್ಕ ಧಪ್ಪೆಂದು ಕೂತು, "ನಾನೂ ಇವ್ರ ಕಡೆಯೋಳೇ, ಬರ್ಕೊಳಮ್ಮ" ಎಂದಳು. ಮಿಕ್ಕ ಹೆಂಗಸರೂ ಬೆಂಚಿನಲ್ಲಿ ಜಾಗ ಮಾಡಿಕೊಂಡು ಕೂತರು. ರೈಲಿನಲ್ಲಿ ಸೀಟು ಹಿಡಿದು ರೂಢಿಯಿದ್ದವರನ್ನು ಎಬ್ಬಿಸುವುದು ಯಾರಿಂದ ಸಾಧ್ಯ.

ಮಾತು, ಕೂಗಾಟ, ಮತ್ತೆ ಮಾತು. ಎಲ್ಲ ಮುಗಿದು ಕಾಗದ ನನ್ನ ಮುಂದೆ ಬರುವ ಹೊತ್ತಿಗೆ ಸಂಜೆ ಐದಾಗಿತ್ತು. "ಸಂಬಂಧ" ಎಂದು ಬರೆದಿದ್ದ ಕಡೆ ಏನು ಬರೆಯಬೇಕೆಂದು ಪೆನ್ನು ಹಿಡಿದು ಸ್ವಲ್ಪ ಯೋಚಿಸಿದೆ. "ತವರಿನ ಕಡೆಯವರು" ಎಂದು ಬರೆದೆ. ಹೆಡ್‌ಕಾನ್‌ಸ್ಟೇಬಲ್ ಓದಿ, "ಇಬ್ರಿಗೂನಾ?" ಎಂದರು. "ಇಬ್ರಿಗೂ" ಎಂದೆ. ಹೊರಡುವ ಮುಂಚೆ ಚೀಲದಿಂದ ಹಸಿರು ಬಳೆ ತೆಗೆದು ಲತಾಳ ಬರಿಗೈಗೆ ತೊಡಿಸಿದೆ. ಬರಿಗೈಯಲ್ಲಿ ಆ ಜನರ ಮಧ್ಯೆ ಅವಳನ್ನು ನಡೆಸಿಕೊಂಡು ಹೋಗಲು ನನಗೆ ಮನಸ್ಸು ಬರಲಿಲ್ಲ. ಆ ಮೊಬೈಲಿನವನು ಅದನ್ನೂ ಹಿಡಿದುಕೊಂಡ. ಹುಡುಗಿಯರನ್ನು ಊರಿಗಾಂನ ನಮ್ಮ ಮನೆಗೆ ಸೇರಿಸುವಷ್ಟರಲ್ಲಿ ರಾತ್ರಿಯಾಗಿತ್ತು, ಪವಿತ್ರನ ಹತ್ತಿರ ಹೋಗಲಾಗಲಿಲ್ಲ.

ಸೋಮವಾರದ ಹೊತ್ತಿಗೆ ಆ ವಿಡಿಯೋ ಬಂಗಾರಪೇಟೆ ತಾಲ್ಲೂಕಿನ ವಾಟ್ಸಾಪಿನಲ್ಲೆಲ್ಲ ಓಡಾಡಿತು. ನಾರಾಯಣ ಫೋನಿನಲ್ಲಿ ಅಳುತ್ತಿದ್ದ. "ಮಾನ ಕಳ್ದುಬಿಟ್ಟೆ ಅಕ್ಕ. ಪವಿತ್ರನ್ನ ಇನ್ನ ಮರ್ತುಬಿಡು. ನನ್ ಪಾಲಿಗೆ ನೀನು ಸತ್ತೆ."

"ಎರಡೆರಡು ಸಲ ಸಾಯ್ಸೋಕಾಗಲ್ಲ ಕಣ್ಲಾ" ಎಂದು ಫೋನಿಟ್ಟೆ. ಮಾತು ಜೋರಾಗಿಯೇ ಬಂತು. ಆಮೇಲೆ ಸೆಲ್ವಿಯ ತೊಡೆಯ ಮೇಲೆ ತಲೆಯಿಟ್ಟು ಎಷ್ಟು ಅತ್ತೆನೆಂದರೆ, ಒಳಕೋಣೆಯಲ್ಲಿದ್ದ ಲತಾ, ಮೇರಿ ಹೆದರಿ ಎದ್ದು ಬಂದರು. ಮಗಳನ್ನು ಎರಡನೇ ಸಲ ಬಿಟ್ಟುಬಂದ ಹಾಗಿತ್ತು, ಅದೂ ನನ್ನದೇ ಕೈಯಾರೆ. ಪಶ್ಚಾತ್ತಾಪವೇ ಎಂದು ಮೇರಿ ಕೇಳಿದಳು. ಇಲ್ಲ ಎಂದೆ. ನೋವಿಗೂ ಪಶ್ಚಾತ್ತಾಪಕ್ಕೂ ವ್ಯತ್ಯಾಸವಿದೆ ಎಂದು ಆ ಹುಡುಗಿಗೆ ತಿಳಿಯಲು ಇನ್ನೂ ವಯಸ್ಸಾಗಬೇಕು.

ಬೆಂಗಳೂರಿನಿಂದ, ಕೋಲಾರದಿಂದ, ಗುರುತು ಪರಿಚಯ ಇಲ್ಲದವರ ಫೋನುಗಳು ಬರತೊಡಗಿದವು. "ವಿಡಿಯೋದಲ್ಲಿದ್ದ ಅಮ್ಮ ನೀವೇನಾ?" ಎಂದು ಮೊದಲು ಕೇಳಿ, ಆಮೇಲೆ ತಮ್ಮ ತಮ್ಮ ಮನೆಯ ಕಥೆ ಹೇಳಿಕೊಳ್ಳುತ್ತಿದ್ದರು. ಮಾಲೂರಿನ ಕಡೆಯ ಒಬ್ಬಳಿಗೆ ಎರಡು ಮಕ್ಕಳಿದ್ದವು, ನನ್ನ ಹಾಗೆ. ಭಾನುವಾರ ಮನೆಗೆ ಬನ್ನಿ, ಊಟ ಮಾಡಿಕೊಂಡು ಮಾತಾಡೋಣ ಎಂದೆವು. ಸಂಘ, ಪದಾಧಿಕಾರಿ, ಬ್ಯಾನರು ಎಲ್ಲ ಬಂದದ್ದು ಆಮೇಲೆ. ಆ ಆಷಾಢದಲ್ಲಿ ಇದ್ದದ್ದು ಒಂದು ದೊಡ್ಡ ತಪ್ಪಲೆ ಸಾರು ಮತ್ತು ಧೂಳು ಬರದ ಹಾಗೆ ಕಿಟಕಿಗೆ ಕಟ್ಟಿದ ಒದ್ದೆ ಬಟ್ಟೆ.

ಭೀಮನ ಅಮಾವಾಸ್ಯೆ ಬಂತು, ಹೋಯಿತು. ಆಷಾಢ ಮುಗಿಯಿತು. ಪವಿತ್ರ ಗಂಡನ ಮನೆಗೆ ಹೊರಟುಹೋದಳು ಎಂದು ಮಂಗಳಮ್ಮ ಸುದ್ದಿ ತಂದಳು. ಪ್ಲಾಟ್‌ಫಾರಮ್ಮಿನ ಕಂಬದ ಹತ್ತಿರ ಇನ್ನು ಯಾರೂ ನಿಲ್ಲುತ್ತಿರಲಿಲ್ಲ. ನಾನು ಆ ಸೀರೆಯನ್ನು ಪೆಟ್ಟಿಗೆಯ ತಳದಲ್ಲಿಟ್ಟೆ.

ಮುಂದಿನ ಭಾನುವಾರ ಬೆಳಗ್ಗೆ ಹತ್ತರ ಹೊತ್ತು. ಮಾರಿಯಮ್ಮನ ಗುಡಿಯಲ್ಲಿ ಆಡಿ ಕೂಳು ಹಂಚುತ್ತಿದ್ದರು. ಕೂಳು ಎಂದರೆ ನಮ್ಮ ರಾಗಿ ಅಂಬಲಿಯೇ, ಸಣ್ಣೀರುಳ್ಳಿ ಕಚ್ಚಿಕೊಂಡು ಕುಡಿಯುವುದು. ಸೆಲ್ವಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲಲು ಹೋಗಿದ್ದಳು. ನಾನು ಒಲೆಯ ಮುಂದಿದ್ದೆ. ಬೀದಿಯಲ್ಲಿ ಬೈಕು ನಿಂತ ಸದ್ದಾಯಿತು. ಲತಾ ಓಡಿ ಬಂದು, "ಅಮ್ಮಾ, ಯಾರೋ ಬಂದವ್ರೆ" ಎಂದಳು.

ಬಾಗಿಲಲ್ಲಿ ಪವಿತ್ರ ನಿಂತಿದ್ದಳು. ತಲೆಯೆಲ್ಲ ದಿಬ್ಬದ ಧೂಳು, ಕೈಯಲ್ಲಿ ಬಟ್ಟೆಯ ಬ್ಯಾಗು. ಹಿಂದೆ ಹೆಲ್ಮೆಟ್ ಹಿಡಿದುಕೊಂಡು ಒಬ್ಬ ಹುಡುಗ, ನನ್ನ ಅಳಿಯ ಮಂಜುನಾಥ, ಫ್ಯಾಕ್ಟರಿ ಬಸ್ಸಿನ ಡ್ರೈವರು. ನನ್ನ ಕೈಯಲ್ಲಿ ಸೌಟು ಹಾಗೇ ಇತ್ತು. "ಊಟ ಆಯ್ತಾ?" ಎಂದೆ. ಬೆಳಗ್ಗೆ ಹತ್ತು ಗಂಟೆಗೆ!

ಪವಿತ್ರ ನಗಲಿಲ್ಲ. "ಎರಡ್ ಭಾನ್ವಾರ ಕಾದೆ" ಎಂದಳು.

"ಮೊದಲ್ನೇದು ನನ್ ತಪ್ಪು. ಕ್ಯಾಲೆಂಡರ್ ನೋಡೋದ್ರಲ್ಲಿ ಎಡವಟ್ಟಾಯ್ತು. ಎರಡ್ನೇದು..."

"ಎರಡ್ನೇದು ನೋಡ್ದೆ, ವಿಡಿಯೋದಲ್ಲಿ." ಅವಳ ಕಣ್ಣು ಲತಾಳ ಕೈಗಳ ಮೇಲಿತ್ತು. "ಆ ಬಳೆ ನಂಗೆ ತಂದಿದ್ದಲ್ವಾ?"

"ಹೂಂ."

"ಗೊತ್ತಾಯ್ತು." ಬಳೆಯಿಂದ ಕಣ್ಣು ತೆಗೆಯದೆ, "ಇವ್ರಿಗೆ ಸೈನ್ ಆಕಿ ಕರ್ಕೊಂಬಂದ್ಯಲ್ಲಮ್ಮ, ಅವತ್ತು ನಂಗ್ಯಾಕೆ ಆಕ್ಲಿಲ್ಲ?" ಎಂದಳು.

ಈ ಪ್ರಶ್ನೆಗೆ ಹತ್ತು ವರ್ಷದಿಂದ ನೂರು ಉತ್ತರ ತಯಾರು ಮಾಡಿಕೊಂಡಿದ್ದೆ. ವಕೀಲರು ಹೇಳಿದ್ದು, ಊರಿನವರು ಬೆದರಿಸಿದ್ದು, ಕೈಯಲ್ಲಿ ಕಾಸಿಲ್ಲದ್ದು. ಯಾವುದನ್ನೂ ಹೇಳಲಿಲ್ಲ. "ಧೈರ್ಯ ಇರ್ಲಿಲ್ಲ ಕಣಮ್ಮ. ಅವತ್ತು ಇರ್ಲಿಲ್ಲ" ಎಂದೆ.

ಅವಳು ಬ್ಯಾಗು ಕೆಳಗಿಟ್ಟು ಅಳತೊಡಗಿದಳು. ಮಂಜುನಾಥ ಪಾಪ, ಏನು ಮಾಡಬೇಕೆಂದು ತಿಳಿಯದೆ ಜೇಬಿನಿಂದ ಅವಳ ಫೋನು ತೆಗೆದು ನನ್ನ ಕೈಗೆ ಕೊಟ್ಟ. "ಮದ್ವೆ ಆದಾಗ್ನಿಂದ ಇದ್ರಾಗೆ ಒಬ್ರೇ ಹೆಂಗಸಿನ ಫೋಟೋ ನೋಡ್ತಿದ್ದೆ ಅತ್ತೆ. ಎಲ್ಲಾ ರೈಲ್ ಕಿಟ್ಕಿ ಕಂಬಿ ಹಿಂದೇನೇ. ಯಾರು ಅಂದ್ರೆ ಏಳ್ತಿರ್ಲಿಲ್ಲ. ಆ ವಿಡಿಯೋ ನಮ್ಮೂರ್ ಗ್ರೂಪಿಗೆ ಬಂದಾಗ ಗುರ್ತು ಸಿಕ್ತು. ಸತ್ತೋರ ಫೋಟೋ ಇಷ್ಟೊಂದು ಯಾರ್ ತೆಗೀತಾರೆ ಅಂತ ಕೇಳ್ದೆ, ಆಗ ಬಾಯ್ ಬಿಟ್ಳು."

ಬೆರಳಿನಿಂದ ಸರಿಸುತ್ತಾ ಹೋದೆ. ನಾನು, ನಾನು, ಮತ್ತೆ ನಾನು. ಬೀನ್ಸ್ ಸೋಸುವ ನಾನು, ಸೆಲ್ವಿಯ ಹೆಗಲ ಮೇಲೆ ತೂಕಡಿಸುವ ನಾನು, ಕಂಬಿ ಹಿಡಿದು ಪ್ಲಾಟ್‌ಫಾರಮ್ಮಿನ ಕಡೆಗೇ ನೋಡುತ್ತಿರುವ ನಾನು. "ಟ್ಯೂಷನ್ನಿಗೆ ಹೋಗ್ತಿದ್ದೀಯ ಅಂದ್ಕೊಂಡಿದ್ನಲ್ಲೇ" ಎಂದೆ. ಅವಳು ಮೂಗು ಒರೆಸಿಕೊಳ್ಳುತ್ತಾ, "ಬೆಳಗಾಗೆದ್ದು ಟ್ಯೂಷನ್ ಯಾವನ್ ಏಳ್ಕೊಡ್ತಾನಮ್ಮ?" ಎಂದಳು. ನಕ್ಕಳು ಆಗ. ಹನ್ನೊಂದು ವರ್ಷದವಳು ನಗುತ್ತಿದ್ದ ಹಾಗೇ.

ಸೆಲ್ವಿ ಕೂಳಿನ ಕೊಡ ಸೊಂಟಕ್ಕಿಟ್ಟುಕೊಂಡು ಬಂದಳು. ನೋಡಿದಳು, ಕೊಡ ಇಳಿಸಿದಳು, ನಾಲ್ಕು ಲೋಟಕ್ಕೆ ಸುರಿದಳು. ಆಮೇಲೆ ಅಡುಗೆಮನೆಗೆ ಹೋಗಿ ಈರುಳ್ಳಿ ಬಿಡಿಸುವ ನೆಪದಲ್ಲಿ ಬಹಳ ಹೊತ್ತು ಅಲ್ಲೇ ಇದ್ದಳು.

"ನಿಮ್ಮಮ್ಮ ಹೆಂಗೆ ಕಳಿಸಿದ್ರಪ್ಪ?" ಎಂದು ಅಳಿಯನನ್ನು ಕೇಳಿದೆ. ಅವನು ಪವಿತ್ರನ ಕಡೆ ನೋಡಿದ. ಬೀಗಿತ್ತಿ ಸುಮ್ಮನೆ ಕಳಿಸಿರಲಿಲ್ಲ. ಆಷಾಢ ಮುಗಿದ ಮೇಲೆ ತವರಿಗೆ ಹೋಗುವುದು ಯಾವ ಶಾಸ್ತ್ರದಲ್ಲಿದೆ ಎಂದು ಎರಡು ದಿನ ಹಾರಾಡಿದ್ದರಂತೆ.

"ನಾರಾಯಣ ಮಾವನ್ ಮನೆ ಆಷಾಢ ಮುಗೀತು ಅತ್ತೆ, ನಮ್ಮಮ್ಮನ್ ಮನೇಲಿ ಆಡಿ ಲೆಕ್ಕ, ಅದಿನ್ನೂ ಹದ್ನೈದ್ ದಿನ ಐತೆ ಅಂದೆ" ಎಂದಳು ಪವಿತ್ರ. ಕೂಳು ಕುಡಿದು ಲೋಟ ಕೆಳಗಿಟ್ಟಳು. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ತಮಿಳು ಓದಲು ಬರದಿದ್ದರೂ, ಹಾಳೆಗಳನ್ನು ಎಣಿಸಿದಳು. ಬೀಗಿತ್ತಿ ಇವತ್ತಿಗೂ ನಮ್ಮ ಮೆಟ್ಟಿಲು ತುಳಿದಿಲ್ಲ. ನಿಂಬೆಕಾಯಿ ಉಪ್ಪಿನಕಾಯಿ ಮಾತ್ರ ವರ್ಷಾವರ್ಷ ಕಳಿಸುತ್ತಾರೆ. ನಾರಾಯಣ ಫೋನು ಎತ್ತುತ್ತಾನೆ, ಬರುವುದಿಲ್ಲ. ಒಂದಲ್ಲ ಒಂದು ದಿನ ಬರುತ್ತಾನೆ, ನಾನು ಬಿಡುವವಳಲ್ಲ.

ಪವಿತ್ರ ಮಾತ್ರ ಈ ಮೂರು ವರ್ಷವೂ ಆಡಿಗೆ ತಪ್ಪಿಸಿಲ್ಲ. ಹೋದ ವಾರ ಧೂಳಿನಲ್ಲಿ ಸೆರಗು ಮುಚ್ಚಿಕೊಂಡು ನಾನು ಮನೆ ತಲುಪುವಷ್ಟರಲ್ಲಿ ಅವಳು ಬಂದು, ಒದ್ದೆ ಬಟ್ಟೆ ಹಿಂಡಿ ಕಿಟಕಿಗೆ ಕಟ್ಟುತ್ತಿದ್ದಳು. ಒಳಗೆ ತವರಿಲ್ಲದ ಹೆಣ್ಣುಮಕ್ಕಳು ಆರು ಜನ, ಅವರವರ ಜಗಳ, ಅವರವರ ನಗು. ಆದರೆ ಆ ಗಾಳಿ ಬೀಸಿದಾಗ ನನಗೆ ಕೇಳಿಸುವುದು ಪವಿತ್ರ ಮೊದಲ ಸಲ ಬಂದ ಆ ಭಾನುವಾರದ ಒಂದು ಮಾತು.

ಮಂಜುನಾಥ ಬೈಕು ಹತ್ತಿ ಹೊರಟಿದ್ದ. ಅವನನ್ನು ಕಳಿಸಲು ಪವಿತ್ರ ಬೀದಿಗೆ ಬಂದಿದ್ದಳು. ಎದುರು ಮನೆಯ ತಮಿಳು ಅಜ್ಜಿ, ನಮ್ಮೆಲ್ಲರ ಪಾಟಿಗೆ ಎಂಬತ್ತು ದಾಟಿದೆ, ಹೊಸ ಮುಖ ಕಂಡರೆ ಬಿಡುವವರಲ್ಲ. ಜಗಲಿಯ ಮೇಲಿಂದಲೇ ತಮಿಳಿನಲ್ಲಿ ಕೂಗಿ ಕೇಳಿದರು, ಯಾರಮ್ಮ ನೀನು, ಎಲ್ಲಿಗೆ ಬಂದಿದ್ದೀ ಎಂದು. ಬೀದಿಯ ಬಾಗಿಲುಗಳೆಲ್ಲ ಅರ್ಧ ತೆರೆದವು. ನಾನು ಒಳಗೆ ಕಿಟಕಿಯ ಹತ್ತಿರ ಬಂದು ನಿಂತೆ. ದೂರದ ನೆಂಟರು ಎನ್ನಬಹುದಿತ್ತು. ನಾರಾಯಣ ಅವಳಿಗೂ ಅದನ್ನೇ ಕಲಿಸಿದ್ದ.

"ರತ್ನಮ್ಮನ ಮಗಳು" ಎಂದಳು ಪವಿತ್ರ, ಗಾಳಿಗೂ ಮೀರಿ ಕೇಳುವ ಹಾಗೆ. "ಆಡಿಗೆ ಬಂದಿದೀನಿ."

ಪಾಟಿ ತಲೆಯಾಡಿಸಿ ಒಳಗೆ ಹೋದರು. ಮದುವೆಯಾದ ಮಗಳು ಆಡಿಯಲ್ಲಿ ತಾಯಿಯ ಮನೆಗೆ ಬಂದಿದ್ದಾಳೆ, ಅದರಲ್ಲಿ ಇನ್ನು ಕೇಳುವುದೇನಿದೆ.